‘ಐದು ನಿಮಿಷ’: ಹೆಂಡತಿಗಾಗಿ ಕಾಯುತ್ತಿದ್ದ ಒಬ್ಬ ಗಂಡನ ಪ್ರಕರಣ ಅಧ್ಯಯನ

ಈ ದಂಪತಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಅವರ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹೆಸರಿನ ಬದಲು ಆತ, ಆಕೆ ಎಂದೇ ಕರೆಯುತ್ತೇನೆ. ಸಂಸಾರದಲ್ಲಿ ತಾಳ್ಮೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಕಲಿಯುವುದು ಹೇಗೆ, ಕಲಿಯುವಾಗ ಎಲ್ಲೆಲ್ಲಿ ಎಡವುತ್ತೇವೆ ಎಂದು ಬಿಡಿಸಿ ಹೇಳುವವರು ಕಡಿಮೆ. ಈ ಪ್ರಕರಣದಲ್ಲಿ ಅವರಿಬ್ಬರ ಜೊತೆ ನಾನೂ ಎಡವಿದೆ. ಅದನ್ನು ಮುಚ್ಚಿಡದೆ ಬರೆದರೆ ಇದೇ ಕೆಲಸ ಮಾಡುವವರಿಗೂ, ಮನೆಯಲ್ಲಿ ಯಾರಿಗಾಗಿಯೋ ದಿನಾ ಕಾಯುವವರಿಗೂ ಪ್ರಯೋಜನವಾದೀತು.

ಹಿನ್ನೆಲೆ

ಆಕೆ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನರ್ಸ್. ಆತ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ಏಳು ವರ್ಷದ ಮಗಳಿದ್ದಾಳೆ. ಮನೆಯಲ್ಲಿ ಇರುವುದು ಒಂದೇ ಕಾರು. ಆತನ ಕೆಲಸ ಐದೂವರೆಗೆ ಮುಗಿಯುತ್ತದೆ. ಆಕೆಗೆ ಹಗಲು ಪಾಳಿಯಿದ್ದ ವಾರಗಳಲ್ಲಿ ಆರಕ್ಕೆ ಮುಗಿಯಬೇಕು. ಆರಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಆತ ಆಸ್ಪತ್ರೆಯ ಎದುರು ರಸ್ತೆಯಲ್ಲಿ ಕಾರು ನಿಲ್ಲಿಸಿ ಕಾಯುತ್ತಿದ್ದರು. ಆರು ವರ್ಷಗಳಿಂದ ಹೀಗೇ ನಡೆದುಕೊಂಡು ಬಂದಿತ್ತು.

ಪಾಳಿ ಆರಕ್ಕೆ ಮುಗಿಯುತ್ತದೆ ಎನ್ನುವುದು ಕಾಗದದ ಮಾತು. ಮುಂದಿನ ಪಾಳಿಯ ನರ್ಸ್ ಬಂದು, ಒಂದೊಂದು ಬೆಡ್ಡಿನ ಮುಂದೆಯೂ ನಿಂತು, ಯಾರಿಗೆ ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟಾಯಿತು, ಯಾರಿಗೆ ಜ್ವರ ಏರಿದೆ, ಡಾಕ್ಟರ್ ಏನು ಹೇಳಿ ಹೋದರು ಎಂಬುದನ್ನೆಲ್ಲ ಒಪ್ಪಿಸಿಕೊಂಡ ಮೇಲೆಯೇ ಈಕೆ ಹೊರಡುವಂತಿದ್ದದ್ದು. ಹ್ಯಾಂಡೋವರ್ ಎಂದು ಅವರು ಕರೆಯುವ ಈ ಕೆಲಸದಲ್ಲಿ ಒಂದು ಮಾತು ತಪ್ಪಿದರೂ ರೋಗಿಗೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗಾಗಿ ಒಂಬತ್ತು ಪರಿಹಾರ ಕ್ರಮಗಳನ್ನು ಪ್ರಕಟಿಸಿದಾಗ, ಹ್ಯಾಂಡೋವರ್ ಸಮಯದ ಮಾತುಕತೆ ಅವುಗಳಲ್ಲಿ ಒಂದಾಗಿತ್ತು. ಗಂಡ ಕಾರಿನಲ್ಲಿ ಕಾಯುತ್ತಿದ್ದಾನೆ ಎಂದು ಇದನ್ನು ಅವಸರದಲ್ಲಿ ಮುಗಿಸುವಂತಿಲ್ಲ. ಬದಲಿ ನರ್ಸ್ ತಡವಾಗಿ ಬಂದರೆ ವಾರ್ಡನ್ನು ಬಿಟ್ಟು ಹೋಗುವಂತೆಯೂ ಇಲ್ಲ.

ಇದೆಲ್ಲ ಆತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗೊತ್ತಿರುವುದರಿಂದ ಕಾರಿನೊಳಗಿನ ಒಂದು ಗಂಟೆ ಏನೂ ಚಿಕ್ಕದಾಗುತ್ತಿರಲಿಲ್ಲ.

ಸಮಸ್ಯೆ

ಮೊದಲ ಭೇಟಿಯಲ್ಲಿ ಆತ ಕೂತವರೇ ಹೇಳಿದರು: “ಮೇಡಂ, ನನಗೆ ತಾಳ್ಮೆ ಇಲ್ಲ ಅಂತ ಇವಳು ಹೇಳ್ತಾಳೆ. ಆರು ವರ್ಷ ದಿನಾ ಬಂದು ಕಾದಿದ್ದೀನಿ. ಇದಕ್ಕಿಂತ ತಾಳ್ಮೆ ಇನ್ಯಾರಿಗಿದೆ ಹೇಳಿ?”

ಆಕೆ ಕಿಟಕಿ ಕಡೆ ನೋಡುತ್ತಾ ಅಂದರು: “ಕಾದಿದ್ದಾರೆ, ಇಲ್ಲ ಅನ್ನಲ್ಲ. ಅದಕ್ಕೆ ದಿನಾ ಬಡ್ಡಿ ಕಟ್ಟಿದ್ದೀನಿ.”

ಬಡ್ಡಿ ಎಂದರೇನು ಎಂದು ಕೇಳಿದೆ. ಕಾರು ಹತ್ತಿದ ಕೂಡಲೇ ಆತ ಮುಖ ನೋಡದೆ ಗಾಡಿ ಸ್ಟಾರ್ಟ್ ಮಾಡುವುದು. “ಟೈಮ್ ಎಷ್ಟು?” ಎಂದು ಕೇಳುವುದು, ಉತ್ತರ ಕಣ್ಣೆದುರಿನ ಗಡಿಯಾರದಲ್ಲೇ ಇದ್ದರೂ. ಮನೆ ಮುಟ್ಟುವವರೆಗೆ ಒಂದು ಮಾತೂ ಇಲ್ಲ. ರಾತ್ರಿ ಬೇರೆ ಯಾವುದೋ ಸಣ್ಣ ವಿಷಯಕ್ಕೆ ರೇಗಾಟ. ರಜೆಯ ದಿನ ಆಕೆ ಏನಾದರೂ ಕೇಳಿದರೆ, “ನಿನಗೋಸ್ಕರ ವರ್ಷಗಟ್ಟಲೆ ಕಾದಿದ್ದೀನಿ, ಇದೊಂದು ನೀನು ಬಿಟ್ಟುಕೊಡೋಕೆ ಆಗಲ್ವಾ?” ಎಂಬ ಮಾತು. ಹೊರಗಿನವರ ಕಣ್ಣಿಗೆ ಆತ ತಾಳ್ಮೆಯ ಮೂರ್ತಿ. ಆಕೆಯ ಸಹೋದ್ಯೋಗಿಗಳು, “ನಿನ್ನ ಗಂಡ ಎಷ್ಟು ಒಳ್ಳೆಯವರು, ದಿನಾ ಕಾಯ್ತಾರೆ” ಎಂದಾಗಲೆಲ್ಲ ಆಕೆಗೆ ಗಂಟಲು ಕಟ್ಟುತ್ತಿತ್ತಂತೆ.

ನಮ್ಮ ಭಾಷೆಯಲ್ಲಿ ‘ಕಾಯು’ ಎಂಬ ಮಾತಿಗೆ ಎದುರುನೋಡು ಎಂಬ ಅರ್ಥವಿದೆ, ಕಾಪಾಡು ಎಂಬ ಅರ್ಥವಿದೆ, ಬಿಸಿಯಾಗು ಎಂಬ ಅರ್ಥವೂ ಇದೆ. ಹೆಂಡತಿಯನ್ನು ಸುರಕ್ಷಿತವಾಗಿ ಮನೆಗೆ ಕರೆತರಬೇಕೆಂದು ಎರಡನೆಯ ಅರ್ಥದಲ್ಲಿ ಕಾಯಲು ಹೋದ ಮನುಷ್ಯ, ದಿನಾ ಮೂರನೆಯ ಅರ್ಥದಲ್ಲಿ ಕಾದು ಮನೆಗೆ ಮರಳುತ್ತಿದ್ದರು. ಇಬ್ಬರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಅದು ಮೊದಲ ದಿನವೇ ನನಗೆ ತಿಳಿದಿತ್ತು, ನೋವಾಗುತ್ತಿದ್ದದ್ದೂ ಅದಕ್ಕೇ.

ತಾವೇ ಮಾಡಿ ನೋಡಿದ್ದು

ನನ್ನ ಬಳಿ ಬರುವ ಮೊದಲು ಅವರು ಸುಮ್ಮನೆ ಕೂತಿರಲಿಲ್ಲ. ಎಲ್ಲಿಗಾದರೂ ಹೋಗಬೇಕಾದಾಗ ಆತ ಹೊರಡುವ ಹೊತ್ತನ್ನು ಅರ್ಧ ಗಂಟೆ ಮುಂಚಿತವಾಗಿ ಹೇಳತೊಡಗಿದರು. ಎರಡೇ ತಿಂಗಳಲ್ಲಿ ಆಕೆಗೆ ಗೊತ್ತಾಯಿತು. ಅಲ್ಲಿಂದ ಮುಂದೆ ಆತ ಯಾವ ಹೊತ್ತು ಹೇಳಿದರೂ ಆಕೆ ಅರ್ಧ ಗಂಟೆ ಸೇರಿಸಿಕೊಂಡೇ ಕೇಳಿಸಿಕೊಳ್ಳುತ್ತಿದ್ದರು. ನಾಲ್ಕೈದು ಬಾರಿ ಆತ ಕಾಯದೆ ಹೊರಟುಹೋದದ್ದೂ ಉಂಟು. “ಒಂದು ಸಲ ಬಿಸಿ ಮುಟ್ಟಿದರೆ ಸರಿಹೋಗ್ತಾಳೆ ಅಂದುಕೊಂಡೆ” ಎಂದು ಆತನೇ ಒಪ್ಪಿಕೊಂಡರು. ಸರಿಹೋಗುವ ಮಾತಿರಲಿ, ಗೇಟಿನ ಹೊರಗೆ ಬಂದಾಗ ಕಾರು ಕಾಣದಿದ್ದರೆ ಎದೆ ಧಸಕ್ ಎನ್ನುವುದು ಆಕೆಗೆ ಅಭ್ಯಾಸವಾಯಿತು. ಈ ಭಯ ಮುಂದೆ ನಮಗೆ ಅಡ್ಡ ಬಂದಿತು.

ಕೊನೆಯದು ಮೌನವ್ರತ. ಮನೆಯ ಹಿರಿಯರೊಬ್ಬರು “ತಾಳಿದವನು ಬಾಳಿಯಾನು, ಬಾಯಿಗೆ ಬೀಗ ಹಾಕಿಕೊ” ಎಂದು ಬುದ್ಧಿ ಹೇಳಿದ್ದರು. ಎಷ್ಟೇ ತಡವಾಗಲಿ, ಆತ ಮೂರು ವಾರ ಒಂದೇ ಒಂದು ಮಾತಾಡಲಿಲ್ಲ. ಹಲ್ಲು ಕಚ್ಚಿಕೊಂಡು ಸಹಿಸಿದರು. ಆದರೆ ಫೋನಿನಲ್ಲಿ ದಿನಾ ಬರೆದಿಡುತ್ತಿದ್ದರು: ಇಂದು ಮೂವತ್ತೆಂಟು ನಿಮಿಷ, ಇಂದು ಐವತ್ತು. ಲೆಕ್ಕಪತ್ರದ ಮನುಷ್ಯ, ಮೊತ್ತವನ್ನೂ ಹಾಕಿದ್ದರು. ಮಗಳ ಶಾಲೆಯ ಕಾರ್ಯಕ್ರಮಕ್ಕೆ ಆಕೆ ಹೋಗಿ ಮುಟ್ಟಿದಾಗ ಮಗಳ ಹಾಡು ಮುಗಿದಿತ್ತು. ಅಂದು ಶಾಲೆಯ ಅಂಗಳದಲ್ಲೇ, ನಾಲ್ಕು ಜನರ ಎದುರಿಗೆ, ಆತ ಫೋನ್ ತೆಗೆದು ಆ ಪಟ್ಟಿಯನ್ನು ಓದಿ ಹೇಳಿದರು. ಅದಾದ ಹತ್ತು ದಿನಕ್ಕೆ ಇಬ್ಬರೂ ನನ್ನ ಬಾಗಿಲಿಗೆ ಬಂದರು.

ಮೂರು ವಾರದ ಆ ಮೌನವನ್ನು ಆತ ಅಲ್ಲಿಯವರೆಗೂ ತಾಳ್ಮೆ ಎಂದೇ ನಂಬಿದ್ದರು. ಬಾಯಿ ಮುಚ್ಚಿತ್ತು ನಿಜ, ಒಳಗಿನ ಖಾತೆ ತೆರೆದೇ ಇತ್ತು.

ನಾನು ಎಡವಿದ್ದು

ಮೊದಲ ಎರಡು ಭೇಟಿಗಳಲ್ಲಿ ನಾನು ಆಕೆಗೆ ಸಮಯ ಪಾಲನೆಯ ಅಭ್ಯಾಸ ಕೊಟ್ಟೆ. ಪಾಳಿಯ ಕೊನೆಯ ಒಂದು ಗಂಟೆಯ ಕೆಲಸಗಳನ್ನು ಬರೆದುಕೊಳ್ಳಿ, ಯಾವುದನ್ನು ಮೊದಲೇ ಮುಗಿಸಬಹುದು ನೋಡಿ ಎಂದೆ. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜಿಸುವಾಗ ಮನುಷ್ಯರು ಕಡಿಮೆಯೇ ಹೇಳುತ್ತಾರೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ 1979ರಷ್ಟು ಹಿಂದೆಯೇ ಗುರುತಿಸಿದ್ದರು. ಆಕೆಯ ‘ಐದು ನಿಮಿಷ’ ಇದೇ ಬಗೆಯ ತಪ್ಪು ಅಂದಾಜು ಎಂದುಕೊಂಡೆ. ಮೂರನೆಯ ಭೇಟಿಗೆ ಆಕೆ ಇಪ್ಪತ್ತು ನಿಮಿಷ ತಡವಾಗಿ, ಓಡುತ್ತಾ ಬಂದರು. ಆತ ನನ್ನ ಮುಖ ನೋಡಿದರು. ಆ ನೋಟದಲ್ಲಿ, ನೋಡಿ, ನೀವೇ ಸಾಕ್ಷಿ ಎಂಬ ಗೆಲುವಿತ್ತು. ತಪ್ಪೆಲ್ಲ ಆಕೆಯದು, ತಿದ್ದಿಕೊಳ್ಳಬೇಕಾದವರು ಆಕೆಯೇ ಎಂಬ ತೀರ್ಪನ್ನು ನಾನು ಅರಿವಿಲ್ಲದೆ ಕೊಟ್ಟುಬಿಟ್ಟಿದ್ದೆ.

ನಾಲ್ಕನೆಯ ಭೇಟಿಯಲ್ಲಿ ಇನ್ನೊಂದು ದಿಕ್ಕಿಗೆ ಹೋದೆ. ಕಾಯುವುದು ಈತನಿಗೆ ಇಷ್ಟು ಸುಡುವುದೇಕೆ ಎಂದು ಬಾಲ್ಯವನ್ನು ಕೆದಕಿದೆ. ಹಾಸ್ಟೆಲ್ಲಿನಲ್ಲಿ ಓದುವಾಗ, ರಜೆಗೆ ಕರೆದೊಯ್ಯಲು ಮನೆಯವರು ಬಾರದೆ ಕಾದ ಒಂದು ಸಂಜೆಯನ್ನು ಆತ ಹೇಳಿಕೊಂಡರು. ಮೂವರ ಕಣ್ಣೂ ತುಂಬಿತು. ಒಳ್ಳೆಯ ಒಂದು ಗಂಟೆ ಅದು. ಮರುದಿನ ಸಂಜೆ ಕಾರಿನಲ್ಲಿ ಮಾತ್ರ ಎಲ್ಲವೂ ಹಿಂದಿನಂತೆಯೇ ನಡೆಯಿತು. ಹಳೆಯ ನೋವಿನ ಬೇರು ಸಿಕ್ಕಿದರೆ ನಿತ್ಯದ ಜಗಳ ತಾನಾಗಿ ಒಣಗುತ್ತದೆ ಎಂಬ ನಂಬಿಕೆಯನ್ನು ಈ ಪ್ರಕರಣ ನನ್ನಲ್ಲಿ ಸಾಕಷ್ಟು ಅಲುಗಾಡಿಸಿತು.

ಎರಡು ಪುಸ್ತಕ

ಆಮೇಲೆ ಬೇರೆ ದಾರಿ ಹಿಡಿದೆವು. ನಾಲ್ಕು ವಾರ ಇಬ್ಬರೂ ಒಂದೊಂದು ಪುಟ್ಟ ಪುಸ್ತಕದಲ್ಲಿ ಬರೆಯಬೇಕು. ಆತ ಕಾಯುವಾಗ ಮನಸ್ಸಿನಲ್ಲಿ ಬಂದದ್ದನ್ನು, ಆಕೆ ಅದೇ ಹೊತ್ತಿನಲ್ಲಿ ವಾರ್ಡಿನಲ್ಲಿ ಮಾಡುತ್ತಿದ್ದದ್ದನ್ನು. ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ. ನಾಲ್ಕು ವಾರದ ನಂತರ ನನ್ನೆದುರು ಇಬ್ಬರೂ ಒಂದೇ ದಿನದ ಪುಟ ತೆರೆದು ಓದಿದರು.

ಒಂದು ಮಂಗಳವಾರದ ಆತನ ಪುಟ: “6:10. ಫೋನ್ ಮಾಡಿದೆ. ಐದು ನಿಮಿಷ ಅಂದಳು. 6:25. ಎತ್ತಲಿಲ್ಲ. 6:31. ಎತ್ತಲಿಲ್ಲ. ಯಾರ ಜೊತೆಗೋ ನಗುತ್ತಾ ಮಾತಾಡುತ್ತಿರಬೇಕು. ನಾನು ಇಲ್ಲಿ ಇದ್ದೀನಿ ಅನ್ನೋದೇ ನೆನಪಿಲ್ಲ. 6:52. ಬಂದಳು. ಒಂದು ಮಾತೂ ಇಲ್ಲ.”

ಅದೇ ಮಂಗಳವಾರದ ಆಕೆಯ ಪುಟ: “6:10. ಅವರ ಫೋನ್. ಏಳನೇ ಬೆಡ್ಡಿನ ಅಜ್ಜನ ಡ್ರಿಪ್ ಸೂಜಿ ಜಾರಿ ಕೈ ಊದಿಕೊಂಡಿತ್ತು. ಬದಲಿ ಸಿಸ್ಟರ್ ಇನ್ನೂ ಬಂದಿರಲಿಲ್ಲ. ಅರ್ಧ ಗಂಟೆ ಮೇಲೇ ಆಗುತ್ತೆ ಅಂತ ಗೊತ್ತಿತ್ತು. ‘ಇನ್ನೂ ಎಷ್ಟು?’ ಅಂದ ದನಿ ಕೇಳಿ ‘ಐದು ನಿಮಿಷ’ ಅಂದೆ. 6:52. ಕಾರು ಹತ್ತಿದೆ. ಮುಖ ನೋಡಿ ಸಾರಿ ಅನ್ನೋಕೂ ಬಾಯಿ ಬರಲಿಲ್ಲ.”

ಓದು ಮುಗಿದ ಮೇಲೆ ಆತ ಕೇಳಿದರು: “ಅರ್ಧ ಗಂಟೆ ಆಗುತ್ತೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಐದು ನಿಮಿಷ ಅಂತ ಯಾಕಂದೆ?”

“ಅರ್ಧ ಗಂಟೆ ಅಂದಿದ್ದರೆ ನೀವು ಏನಂತಿದ್ದಿರಿ ಹೇಳಿ.”

ಆತ ಉತ್ತರ ಕೊಡಲಿಲ್ಲ. ತನ್ನ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವುತ್ತಾ ಹೋದರು. ಎಲ್ಲ ಪುಟದಲ್ಲೂ ಐದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆಯೇ ಅಂದರು: “ಹಾಗಾದರೆ ಈ ಐದು ನಿಮಿಷ ನಾನೇ ಹೇಳಿಸಿದ್ದು.”

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಆತನ ಸಿಡುಕಿಗೆ ಹೆದರಿ ಆಕೆ ಅತಿ ಚಿಕ್ಕ ಹೊತ್ತನ್ನು ಹೇಳುತ್ತಿದ್ದರು. ಆ ಚಿಕ್ಕ ಹೊತ್ತು ಕಳೆದುಹೋದ ಮೇಲಿನ ಪ್ರತಿ ನಿಮಿಷವೂ ಆತನಿಗೆ ಮಾತು ತಪ್ಪಿದ ನಿಮಿಷವಾಗುತ್ತಿತ್ತು. ಅದರಿಂದ ಸಿಡುಕು ಇನ್ನೂ ಹೆಚ್ಚಿ, ಮರುದಿನ ಆಕೆ ಹೇಳುವ ಹೊತ್ತು ಇನ್ನಷ್ಟು ಚಿಕ್ಕದಾಗುತ್ತಿತ್ತು. ನಾನು ತಪ್ಪು ಅಂದಾಜು ಎಂದುಕೊಂಡದ್ದರಲ್ಲಿ ಅಂದಾಜು ಎಂಬುದೇ ಇರಲಿಲ್ಲ. ಆಕೆಗೆ ಹೊತ್ತು ಸರಿಯಾಗಿಯೇ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ.

ಇನ್ನೊಂದು ಪುಟ ನನಗೆ ಮರೆಯದು. ಒಂದು ದಿನ ಆತನೇ ತಡವಾಗಿ ಬಂದಿದ್ದರು. ಅದರ ಕಾರಣ “ರಸ್ತೆ ಜಾಮ್” ಎಂದು ಬರೆದುಕೊಂಡಿದ್ದರು. ಆಕೆಯ ತಡಕ್ಕೆ ಅದೇ ವಾರ ಬರೆದ ಕಾರಣ “ಬೆಲೆಯೇ ಇಲ್ಲ”. ತನ್ನ ತಪ್ಪಿಗೆ ಸಂದರ್ಭವನ್ನೂ ಇನ್ನೊಬ್ಬರ ತಪ್ಪಿಗೆ ಅವರ ಗುಣವನ್ನೂ ದೂರುವುದು ಎಲ್ಲರಲ್ಲೂ ಇರುವ ವಾಲು. ಇನ್ನೊಬ್ಬರ ನಡತೆಯಲ್ಲಿ ಸಂದರ್ಭದ ಪಾಲನ್ನು ಮರೆತು ಗುಣವನ್ನೇ ಹಿಡಿದು ಜಗ್ಗುವ ಈ ಅಭ್ಯಾಸಕ್ಕೆ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಒಂದು ಹೆಸರನ್ನೂ ಕೊಟ್ಟರು. ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ, ವಿವರಿಸುವ ಅಗತ್ಯ ಬೀಳಲಿಲ್ಲ.

ಒಪ್ಪಂದ

ಕಾಯುವಿಕೆಯ ಬಗ್ಗೆ ನಾನು ನೆಚ್ಚಿಕೊಂಡ ವಿಚಾರ ದಾಂಪತ್ಯದ ಕ್ಷೇತ್ರದ್ದಲ್ಲ. ಸರತಿ ಸಾಲಿನಲ್ಲಿ ನಿಂತವರ ಮನಸ್ಸಿನ ಬಗ್ಗೆ ವ್ಯವಹಾರ ನಿರ್ವಹಣೆಯ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದದ್ದು. ಎಷ್ಟು ಹೊತ್ತು ಎಂದು ಗೊತ್ತಿಲ್ಲದ ಕಾಯುವಿಕೆ ಗೊತ್ತಿರುವುದಕ್ಕಿಂತ ಉದ್ದವೆನಿಸುತ್ತದೆ. ಕಾರಣ ತಿಳಿಯದ ಕಾಯುವಿಕೆಯೂ ಹಾಗೆಯೇ. ಮಾಡಲು ಕೆಲಸವಿಲ್ಲದೆ ಕೂತವನ ನಿಮಿಷಗಳು ಕೆಲಸವಿರುವವನ ನಿಮಿಷಗಳಿಗಿಂತ ಉದ್ದ. ಆತನ ಕಾರಿನಲ್ಲಿ ಈ ಮೂರೂ ಒಟ್ಟಿಗೆ ಕೂತಿದ್ದವು. ಹಾಗಾಗಿ ನಾವು ತಡವನ್ನು ಮುಟ್ಟದೆ ಕಾಯುವಿಕೆಯನ್ನು ಬದಲಿಸಲು ಹೊರಟೆವು.

ಆಕೆ ಐದೂಮುಕ್ಕಾಲಿಗೆ ಒಂದು ಸಂದೇಶ ಕಳಿಸಬೇಕು. ಅದರಲ್ಲಿ ಎಷ್ಟು ತಡವಾಗಬಹುದೋ ಅಷ್ಟನ್ನೂ, ಅತಿ ಹೆಚ್ಚಿನ ಲೆಕ್ಕದಲ್ಲಿ, ಒಂದು ಪದದ ಕಾರಣದ ಜೊತೆ ಹೇಳಬೇಕು. ಆತ ಆ ಸಂಖ್ಯೆಯ ಬಗ್ಗೆ ಟೀಕೆ ಮಾಡಬಾರದು, ನಡುವೆ ಫೋನ್ ಮಾಡಬಾರದು, ಕಾರಿನೊಳಗೆ ಕೂತು ಕಾಯಬಾರದು. ಒಂದು ಗಂಟೆ ಮೀರುವುದಾದರೆ ಆತ ಮನೆಗೆ ಹೋಗಬಹುದು. ಆಕೆ ಬೇರೆ ವಾಹನದಲ್ಲಿ ಬರುತ್ತಾರೆ.

ಕೇಳಲು ಸುಲಭ. ಮೊದಲ ವಾರ ಆಕೆಗೆ “45 ನಿಮಿಷ, ಹ್ಯಾಂಡೋವರ್” ಎಂದು ಬರೆಯಲು ಬೆರಳು ನಡುಗಿತಂತೆ. ಮೂರು ಬಾರಿ ಅಳಿಸಿ 20 ಎಂದು ಬರೆದು, ಮತ್ತೆ ತಿದ್ದಿ 45 ಮಾಡಿ ಕಳಿಸಿದರು. ಆ ಕಡೆಯಿಂದ “ಸರಿ” ಎಂಬ ಉತ್ತರ ಬಂದಾಗ ನಂಬಿಕೆ ಬರದೆ ಎರಡು ಸಲ ಓದಿಕೊಂಡರು. ಆತ ಅತ್ತ “ಸರಿ” ಬರೆಯುವ ಮೊದಲು ಇನ್ನೇನೇನೋ ಬರೆದು ಅಳಿಸಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಮೂರನೇ ವಾರದ ಗುರುವಾರ ನಾನು ಯೋಜಿಸಿರದ ಒಂದು ಪಾಠ ತಾನಾಗಿ ಒದಗಿತು. ಆಕೆ 45 ನಿಮಿಷ ಎಂದಿದ್ದರು. ಬದಲಿ ಸಿಸ್ಟರ್ ಬೇಗ ಬಂದುಬಿಟ್ಟರು, ಇಪ್ಪತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಆಕೆ ಖುಷಿಯಿಂದ ಕೆಳಗಿಳಿದು ಬಂದರೆ ಕಾರಿದೆ, ಆತನಿಲ್ಲ. ಆತ ನಡೆಯಲು ಹೋಗಿದ್ದರು. ಫೋನ್ ಮಾಡಿದರೆ ಅದು ಕಾರಿನೊಳಗೇ ಚಾರ್ಜಿಗೆ ಹಾಕಿತ್ತು. ಗಾಜಿನೊಳಗಿಂದ ತನ್ನದೇ ಹೆಸರು ಬೆಳಗಿ ಆರುವುದನ್ನು ನೋಡುತ್ತಾ ಆಕೆ ಇಪ್ಪತ್ತೈದು ನಿಮಿಷ ನಿಂತರು.

“ಮೊದಲ ಹತ್ತು ನಿಮಿಷ ಏನೂ ಅನ್ನಿಸಲಿಲ್ಲ ಮೇಡಂ. ಆಮೇಲೆ ಶುರುವಾಯ್ತು. ಬೆಳಿಗ್ಗೆಯಿಂದ ನಿಂತ ಕಾಲಲ್ಲೇ ದುಡಿದು ಬಂದಿದ್ದೀನಿ, ಇವರಿಗೆ ವಾಕಿಂಗ್! ಫೋನ್ ಬಿಟ್ಟು ಹೋಗಿದ್ದಾರೆ ಅಂದರೆ ನನ್ನ ನೆನಪೇ ಇಲ್ಲ. ಬರಲಿ, ಮಾತೇ ಆಡಲ್ಲ. ಹೀಗೆಲ್ಲ ಅಂದುಕೊಳ್ಳುತ್ತಾ ಇದ್ದೆ. ಆಗ ಥಟ್ ಅಂತ ಹೊಳೀತು, ಇದು ಅವರ ಪುಸ್ತಕದಲ್ಲಿ ನಾನು ಕೇಳಿದ ಮಾತೇ ಅಲ್ವಾ?”

ಆತ ತಿರುವಿನಲ್ಲಿ ಕಾಣಿಸಿಕೊಂಡದ್ದು ಹೇಳಿದ ಹೊತ್ತಿಗೆ ಸರಿಯಾಗಿಯೇ. “ನೀನೇ ತಾನೇ ಮುಕ್ಕಾಲು ಗಂಟೆ ಅಂದಿದ್ದು” ಎನ್ನಲು ಬಾಯಿ ತೆರೆದವರು ಆಕೆಯ ಮುಖ ಕಂಡು ತಡೆದರು. ಆ ಮುಖ ಒಳಗಿನಿಂದ ಹೇಗಿರುತ್ತದೆ ಎಂದು ಆತನಿಗಿಂತ ಚೆನ್ನಾಗಿ ಬಲ್ಲವರು ಯಾರು? “ಕಾದೆಯಾ? ಎಷ್ಟು ಹೊತ್ತಾಯ್ತು?” ಎಂದು ಕೇಳಿದರು. ಆರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಉತ್ತರ ತಿಳಿಯಲೆಂದು ಕೇಳಿದ್ದು ಅದೇ ಮೊದಲು.

ಹಿನ್ನಡೆ

ಎರಡನೇ ತಿಂಗಳಲ್ಲಿ ಒಂದು ದಿನ ಆಕೆಗೆ ಒಂದೂಮುಕ್ಕಾಲು ಗಂಟೆ ತಡವಾಯಿತು. ಒಪ್ಪಂದದಂತೆ ಆತ ಒಂದು ಗಂಟೆಯ ನಂತರ ಮನೆಗೆ ಹೋದರು. ಕೋಪವಿಲ್ಲದೆಯೇ ಹೋಗಿದ್ದರು. ಆದರೆ ಖಾಲಿ ರಸ್ತೆ ನೋಡಿದ ಆಕೆಗೆ ಹಳೆಯ ಶಿಕ್ಷೆಯೇ ನೆನಪಾಯಿತು. ಮನೆಗೆ ಬಂದವರು ಊಟ ಮಾಡದೆ ಮಲಗಿದರು. ತಾನು ನಿಯಮ ಪಾಲಿಸಿದರೂ ಈ ಮುಖವೇ ಸಿಗುವುದಾದರೆ ನಿಯಮ ಯಾಕೆ ಎಂದು ಆತ ಪುಸ್ತಕವನ್ನು ಎಸೆದರು.

ಒಪ್ಪಂದ ಬರೆಯುವಾಗ ನಾನು ಇದನ್ನು ಊಹಿಸಬೇಕಿತ್ತು. ಹಿಂದೆ ಗಾಯ ಮಾಡಲು ಬಳಸಿದ ನಡೆಯನ್ನೇ ಇಂದು ಒಳ್ಳೆಯ ಮನಸ್ಸಿನಿಂದ ಮಾಡಿದರೂ ಎದುರಿನವರ ದೇಹಕ್ಕೆ ಹಳೆಯ ಅರ್ಥವೇ ಮೊದಲು ಮುಟ್ಟುತ್ತದೆ. ಪರಿಹಾರವನ್ನು ಹುಡುಕಿದ್ದು ಆತನೇ. ಮುಂದಿನ ಸಲ ಹೊರಡುವಾಗ ಬರೆದು ಕಳಿಸಿದರು: “ಮಗಳಿಗೆ ಊಟ ಹಾಕೋಕೆ ಹೋಗ್ತಿದ್ದೀನಿ. ಕೋಪ ಇಲ್ಲ.” ಆ ಕೊನೆಯ ಎರಡು ಪದಗಳನ್ನು ಆಕೆ ನನಗೆ ಫೋನಿನಲ್ಲಿ ತೋರಿಸಿದರು, ಹಲವು ವಾರ ಕಳೆದ ಮೇಲೂ ಅಳಿಸದೆ ಇಟ್ಟುಕೊಂಡಿದ್ದರು.

ಇನ್ನೂ ಕಷ್ಟದ ಕಾಯುವಿಕೆ

ರಸ್ತೆಬದಿಯ ಕಾಯುವಿಕೆ ಹದಕ್ಕೆ ಬಂದ ಮೇಲೆ ಮನೆಯೊಳಗಿನದು ಮೇಲೆದ್ದಿತು. ಜಗಳವಾದರೆ ಆಕೆ ಎರಡು ದಿನ ಮಾತು ಬಿಡುತ್ತಿದ್ದರು. ಆತ ಕೋಣೆಯಿಂದ ಕೋಣೆಗೆ ಹಿಂದೆಯೇ ಹೋಗಿ “ಈಗಲೇ ಮಾತಾಡಿ ಮುಗಿಸು” ಎನ್ನುತ್ತಿದ್ದರು. ಆತ ಒತ್ತಿದಷ್ಟೂ ಆಕೆ ಒಳಸರಿಯುವುದು, ಆಕೆ ಸರಿದಷ್ಟೂ ಆತ ಒತ್ತುವುದು. ಮನೋವಿಜ್ಞಾನಿಗಳಾದ ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಕ್ರಿಸ್ಟೊಫರ್ ಹೆವಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಈ ಜಗ್ಗಾಟದ್ದೇ. ಒತ್ತುವವರು ಯಾರು, ಸರಿಯುವವರು ಯಾರು ಎಂಬುದು ಬದಲಾವಣೆ ಯಾರಿಗೆ ಬೇಕಿದೆ ಎಂಬುದನ್ನೂ ಅವಲಂಬಿಸುತ್ತದೆ ಎಂದು ಅವರು ಕಂಡುಕೊಂಡರು. ಒಬ್ಬರದು ಹಟದ ಸ್ವಭಾವ, ಇನ್ನೊಬ್ಬರದು ಬಿಗುಮಾನದ ಸ್ವಭಾವ ಎಂದು ಹಣೆಪಟ್ಟಿ ಹಚ್ಚಿ ಮುಗಿಸುವಂತಿಲ್ಲ.

ಆಕೆ ಬಾಯಿ ಬಿಡದಿದ್ದದ್ದು ಸೊಕ್ಕಿನಿಂದಲ್ಲ. ಜಗಳದ ಹೊತ್ತಿಗೆ ಎದೆ ಹೊಡೆದುಕೊಂಡು, ತಲೆ ಖಾಲಿಯಾಗಿ, ಏನು ಹೇಳಬೇಕೋ ತೋಚುತ್ತಿರಲಿಲ್ಲ. ದಂಪತಿಗಳ ಜಗಳವನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದ ಜಾನ್ ಗಾಟ್‌ಮನ್, ನಾಡಿಬಡಿತ ನಿಮಿಷಕ್ಕೆ 100 ದಾಟಿದಾಗ ಎದುರಿನವರ ಮಾತು ಸರಿಯಾಗಿ ಕಿವಿಗೆ ಇಳಿಯುವುದಿಲ್ಲ, ಕನಿಷ್ಠ 20 ನಿಮಿಷವಾದರೂ ಬಿಡುವು ಬೇಕು ಎನ್ನುತ್ತಾರೆ. ಈಕೆಗೆ 20 ನಿಮಿಷ ಸಾಲುತ್ತಿರಲಿಲ್ಲ. ಆದರೆ ಎರಡು ದಿನದ ಕೊನೆ ಕಾಣದ ಮೌನ ಆತನಿಗೆ ಹಾಸ್ಟೆಲ್ಲಿನ ಆ ಸಂಜೆಯೇ ಆಗುತ್ತಿತ್ತು. ನಾನು ಅವಸರದಲ್ಲಿ ಕೆದಕಿ ಬಿಟ್ಟಿದ್ದ ನೆನಪು ಇಲ್ಲಿ ಉಪಯೋಗಕ್ಕೆ ಬಂತು.

ಐದೂಮುಕ್ಕಾಲರ ಸಂದೇಶದಿಂದ ಕಲಿತದ್ದನ್ನೇ ಇಲ್ಲಿಗೂ ತಂದೆವು. ಮೌನ ಬೇಕಾದವರು ಅದರ ಕೊನೆಯನ್ನು ತಾವೇ ಹೇಳಬೇಕು, ಆ ಹೊತ್ತಿಗೆ ತಾವಾಗಿಯೇ ಬಂದು ಕೂರಬೇಕು. ಮೊದಲ ಸಲ ಆಕೆ ಹೇಳಿದ್ದು, “ನಾಳೆ ರಾತ್ರಿ, ಮಗಳು ಮಲಗಿದ ಮೇಲೆ.” ಆ ಒಂದು ದಿನ ಆರು ವರ್ಷದ ಕಾಯುವಿಕೆಗಿಂತ ಕಷ್ಟವಾಯಿತು ಎಂದರು ಆತ. ಎರಡು ಸಲ ಕೇಳಲು ಹೋಗಿ ಬಾಗಿಲವರೆಗೆ ಬಂದು ವಾಪಸ್ಸಾದರು. ರಾತ್ರಿ ಆಕೆ ಬಂದು ಕೂತರು. ಮಾತು ಶುರುವಾಗಲು ಮತ್ತೂ ಹತ್ತು ನಿಮಿಷ ಹಿಡಿಯಿತು. ಆತ ಎದ್ದು ಹೋಗಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಇದನ್ನು ನನಗೆ ಹೇಳಿದ್ದು ಆಕೆ.

ಇದರಿಂದ ನಾನು ತಿಳಿದುಕೊಂಡದ್ದು

ಇಂಥ ದಂಪತಿ ಬಂದರೆ ಈಗ ನಾನು ಮೊದಲು ಕೇಳುವುದು, “ತಡವಾಗುತ್ತೆ ಎಂದು ನಿಜ ಹೇಳಿದರೆ ನಿಮ್ಮ ಮನೆಯಲ್ಲಿ ಏನಾಗುತ್ತದೆ?” ಎಂದು. ಸಮಯ ಪಾಲನೆಯ ಮಾತು ಆಮೇಲೆ. ನಿಜ ಹೇಳಲು ಜಾಗವಿಲ್ಲದ ಮನೆಯಲ್ಲಿ ಕಾಯುವವರ ತಾಳ್ಮೆ ಎಷ್ಟಿದ್ದರೂ ಸೋರಿ ಹೋಗುತ್ತದೆ. ಕಾಯುವವರು ಮನಸ್ಸಿನಲ್ಲಿ ಲೆಕ್ಕ ಇಡುತ್ತಿದ್ದಾರೆಯೇ ಎಂಬುದನ್ನೂ ಗಮನಿಸುತ್ತೇನೆ. ಲೆಕ್ಕ ಇಡುತ್ತಿದ್ದರೆ ಅದನ್ನು ಹೊರಗೆ ಹೇಳಿಸುವುದು, ಒಳಗೇ ನುಂಗಿಸಿ ಕೂರಿಸುವುದಕ್ಕಿಂತ ಮೇಲು. ‘ತಾಳು’ ಎಂದರೆ ಸಹಿಸು ಎಂದೂ ಹೌದು, ಸ್ವಲ್ಪ ನಿಲ್ಲು ಎಂದೂ ಹೌದು. ಈತ ಸಹಿಸುವುದನ್ನು ಬಿಟ್ಟು ನಿಲ್ಲುವುದನ್ನು ಕಲಿತರು.

ಒಂದು ಮಾತನ್ನು ಒತ್ತಿ ಹೇಳಬೇಕು. ಈ ಮನೆಯಲ್ಲಿ ಹೊಡೆತವಿರಲಿಲ್ಲ, ಕುಡಿತವಿರಲಿಲ್ಲ, ಮೋಸವಿರಲಿಲ್ಲ. ಅವು ಇರುವಲ್ಲಿ ‘ಇನ್ನೂ ಸ್ವಲ್ಪ ಕಾಯಿರಿ, ಬದಲಾಗುತ್ತಾರೆ’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಪೆಟ್ಟು ತಿನ್ನುವವರಿಗೆ ಮೊದಲು ಬೇಕಾದದ್ದು ಸುರಕ್ಷತೆ. ಅವರಿಗೆ ತಾಳ್ಮೆಯ ಪಾಠ ಹೇಳುವುದು ಅನ್ಯಾಯ. ಈ ಬರಹವನ್ನು ಯಾರೂ ಆ ಮನೆಗಳಿಗೆ ಹೊತ್ತುಕೊಂಡು ಹೋಗದಿರಲಿ.

ಒಂದು ವರ್ಷದ ನಂತರ

ವರ್ಷದ ನಂತರ ಮತ್ತೆ ಭೇಟಿಯಾದಾಗ ಆಕೆಯ ತಡ ಬಹುಪಾಲು ಹಾಗೆಯೇ ಇತ್ತು. ವಾರ್ಡ್ ಬದಲಾಗಿಲ್ಲ, ಕೆಲಸ ಕಡಿಮೆಯಾಗಿಲ್ಲ. ಆತ ಸಂಜೆಯ ನಡಿಗೆಯನ್ನು ಬಿಟ್ಟಿಲ್ಲ. ರಜೆಯ ದಿನವೂ ಅದೇ ಹೊತ್ತಿಗೆ ಹೊರಡುತ್ತಾರಂತೆ, ಕೆಲವೊಮ್ಮೆ ಮಗಳೂ ಜೊತೆಗೆ ಹೋಗುತ್ತಾಳೆ. ಫೋನಿನಲ್ಲಿದ್ದ ಹಳೆಯ ನಿಮಿಷಗಳ ಪಟ್ಟಿಯನ್ನು ಯಾವಾಗ ಅಳಿಸಿದಿರಿ ಎಂದು ಕೇಳಿದೆ. ಅಳಿಸಿಲ್ಲ ಎಂದರು. ಅಳಿಸಬೇಕು ಎಂದು ಆಕೆ ಕೇಳಿಲ್ಲ, ತಾನಾಗಿ ಅಳಿಸುವಷ್ಟು ಮನಸ್ಸು ಇನ್ನೂ ಬಂದಿಲ್ಲ.

ಜಗಳದ ನಂತರದ ಮೌನಕ್ಕೆ ಆಕೆ ಈಗಲೂ ಪ್ರತಿ ಸಲ ಕೊನೆ ಹೇಳುವುದಿಲ್ಲ. ಅರ್ಧಕ್ಕರ್ಧ ಸಲ ಆತನೇ ಕೇಳಬೇಕಾಗುತ್ತದೆ, ಬಾಗಿಲ ಬಳಿ ನಿಂತು, ಒಂದೇ ಸಲ: “ಯಾವಾಗ?” ಆಕೆ ಹೊತ್ತು ಹೇಳಿದರೆ ಹೊರಡುತ್ತಾರೆ. ಹೇಳದಿದ್ದರೆ ಚಪ್ಪಲಿ ಮೆಟ್ಟಿಕೊಂಡು ನಡೆಯಲು ಹೋಗುತ್ತಾರೆ, ಹೋಗುವಾಗ “ವಾಕಿಂಗ್ ಹೋಗಿ ಬರ್ತೀನಿ” ಎಂದು ಒಳಗೆ ಕೇಳುವಂತೆ ಹೇಳಿಯೇ ಹೋಗುತ್ತಾರೆ.